ಪಾಪಯ್ಯನ ಬೋರಿಗೆ ನೀರು ಬಿತ್ತು

ಜಯನಗರದಲ್ಲಿ ಪಾಪಯ್ಯನ ಹೆಸರು ಗೊತ್ತಿದ್ದವರು ಕಡಿಮೆ. ‘ನೀರು ಬಿಡೋನು’ ಅಂದರೆ ಎಲ್ಲರಿಗೂ ಗೊತ್ತು. ಎದೆಯೆತ್ತರದ ಕಬ್ಬಿಣದ ಕೀಲಿಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಗ್ಗೆ ಐದಕ್ಕೆಲ್ಲ ಹೊರಡುತ್ತಿದ್ದ. ರಸ್ತೆ ಮಧ್ಯದ ಮುಚ್ಚಳ ಎತ್ತಿ, ಗುಂಡಿಯೊಳಕ್ಕೆ ಕೀಲಿ ಇಳಿಸಿ, ವಾಲ್ವ್ ತಿರುಗಿಸಿ, ಈ ಬೀದಿಗೆ ನೀರು ಬಿಟ್ಟು ಆ ಬೀದಿಗೆ ನಿಲ್ಲಿಸುವುದು ಅವನ ಕೆಲಸ. ಇಪ್ಪತ್ತು ವರ್ಷ ಹೀಗೆ ತಿರುಗಿಸಿ ತಿರುಗಿಸಿ ಅವನಿಗೊಂದು ಚಟ ಅಂಟಿತ್ತು. ಯಾರ ಮನೆ ನಲ್ಲಿಯಲ್ಲಾದರೂ ನೀರು ಜೋರಾಗಿ ಬರುತ್ತಿದ್ದರೆ ಅವನು ಯೋಚಿಸುತ್ತಿದ್ದದ್ದು, ಈಗ ಎಲ್ಲಿ ನಿಂತಿದೆ ಅಂತ.

ಬನಶಂಕರಿಯಲ್ಲಿ ಅವನು ಹೋಗುತ್ತಿದ್ದ ಚರ್ಚಿನಲ್ಲೂ ಆ ಚಟ ಬಿಡಲಿಲ್ಲ. ಅಲ್ಲಿ ಸಂಜೀವಯ್ಯ ಅಂತ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಜಯನಗರದಲ್ಲಿ ಅವರ ಮನೆ ಇದ್ದದ್ದು ತಗ್ಗಿನ ಬೀದಿಯಲ್ಲಿ, ಪಾಪಯ್ಯನ ಸರಹದ್ದಿನಲ್ಲೇ. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಸಾಕ್ಷಿ ಹೇಳುವ ಭಾನುವಾರ ಬಂದರೆ ಸಂಜೀವಯ್ಯನವರು ಎದ್ದು ನಿಂತು, “ಊರಿಗೆಲ್ಲ ನೀರಿನ ತಾಪತ್ರಯ. ನಮ್ಮ ಸಂಪು ಮಾತ್ರ ಒಂದು ದಿನಾನೂ ಬತ್ತಿಲ್ಲ. ಇದು ಕರ್ತನ ಆಶೀರ್ವಾದ ಅಲ್ಲದೆ ಇನ್ನೇನು?” ಅನ್ನುತ್ತಿದ್ದರು. ಎಲ್ಲರೂ “ಸ್ತೋತ್ರ” ಅನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಪಾಪಯ್ಯ ಹೆಂಡತಿಯ ಕಿವಿಯಲ್ಲಿ, “ಇವರ ಮನೆ ತಗ್ಗಲ್ಲಿದೆ ಕಣೇ. ಮೇಲಿನ ಬೀದಿಯೋರು ಬೈಕೊಂಡು ಬಿಂದಿಗೆ ಹಿಡ್ಕೊಂಡು ನಿಂತಿರ್ತಾರೆ” ಅನ್ನುತ್ತಿದ್ದ. ರಾಹೇಲಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದಳು.

ರಾಹೇಲಮ್ಮನ ಕಷ್ಟ ಬೇರೆ ಥರದ್ದು. ತೊಂಬತ್ತೇಳರಲ್ಲಿ ಉತ್ತರಹಳ್ಳಿಯಾಚೆ ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ರೂಮಿನ ಮನೆ ಕಟ್ಟಿಕೊಂಡು ಬಂದರಲ್ಲ, ಆ ಬಡಾವಣೆಗೆ ಕಾವೇರಿ ನೀರಿನ ಪೈಪೇ ಬಂದಿರಲಿಲ್ಲ. ಗಂಡ ಜಯನಗರಕ್ಕೆಲ್ಲ ನೀರು ಬಿಟ್ಟು ಮನೆಗೆ ಬಂದರೆ, ಇವಳು ಟ್ಯಾಂಕರಿಗೆ ಕಾದು ಕಾದು ಬೀದಿಯಲ್ಲಿ ನಿಂತಿರುತ್ತಿದ್ದಳು. ಟ್ಯಾಂಕರ್ ಬಾರದ ದಿನ ದೂರದ ಬಾವಿಯಿಂದ ಹೊರಬೇಕು. ನಾಲ್ಕು ವರ್ಷ ಹೊತ್ತು ಸೊಂಟ ಹಿಡಿದುಕೊಂಡಿತು. ಮಗಳು ಮದುವೆಯಾಗಿ ಕೋಲಾರದ ಕಡೆ ಹೋದ ಮೇಲೆ ಹೊರುವುದಕ್ಕೆ ಇನ್ನೊಂದು ಜೊತೆ ಕೈಯೂ ಇಲ್ಲದಂತಾಯಿತು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ಪಕ್ಕದ ಮನೆಯ ಕಾತ್ಯಾಯಿನಿ ಟೀಚರ್ ಬೋರ್ ಹಾಕಿಸಿದರು. ಗಂಡ ತೀರಿಹೋಗಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ದಿನಕ್ಕೆ ಎರಡು ಸಲ ಬಟ್ಟೆ ಒಗೆಯಲೇಬೇಕಾದ ಮನೆ ಅದು. ನೀರು ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸಿದ. ಪೂಜೆಯೂ ಆಯಿತು. ನಾನೂರ ಇಪ್ಪತ್ತು ಅಡಿ ಕೊರೆದರೂ ಬರೀ ಬಿಳೀ ಧೂಳು. ಬೋರ್ ಕೊರೆಯುವ ಲಾರಿ ಹೋದ ಮೇಲೆ ಟೀಚರ್ ಆ ಧೂಳನ್ನು ಬಾಗಿಲಿಂದ ಗುಡಿಸುತ್ತಾ ಇದ್ದದ್ದನ್ನು ಪಾಪಯ್ಯ ಕಾಂಪೌಂಡಿನ ಮೇಲಿಂದ ನೋಡಿದ. ಹಾಗೇ ಒಳಗೆ ಹೋದ.

ಎರಡು ತಿಂಗಳಿಗೆ ಇವರದೂ ಸರದಿ ಬಂತು. ಅದೇ ಲಾರಿ, ಅದೇ ಜನ. ಸಂಜೀವಯ್ಯನವರು ಬಂದು ಪ್ರಾರ್ಥನೆ ಮಾಡಿ ಹೋದರು. ಮಧ್ಯಾಹ್ನ ಮೂರರ ಹೊತ್ತಿಗೆ, ಇನ್ನೂರ ಹತ್ತು ಅಡಿಯಲ್ಲಿ, ಧೂಳು ಕೆಸರಾಯಿತು. ಕೆಸರು ನೀರಾಗಿ ಮನೆ ಗೋಡೆಗೆಲ್ಲ ಚಿಮ್ಮಿತು. ರಾಹೇಲಮ್ಮ ಸೆರಗು ಒದ್ದೆ ಮಾಡಿಕೊಂಡು ಆ ನೀರಿನಡಿ ನಿಂತುಬಿಟ್ಟಳು. ಪಾಪಯ್ಯನ ಬಾಯಿಂದಲೂ ‘ಸ್ತೋತ್ರ’ ಅನ್ನುವ ಮಾತು ತಾನಾಗಿ ಹೊರಟಿತು. ಹೊರಟ ಮೇಲೆ ತಿರುಗಿ ನೋಡಿದ. ಕಾಂಪೌಂಡಿನಾಚೆ ಟೀಚರ್ ನಿಂತಿದ್ದರು. “ಬಂತಾ? ಒಳ್ಳೇದಾಯ್ತು” ಅಂದರು. ಮುಖದಲ್ಲಿ ಹೊಟ್ಟೆಕಿಚ್ಚೇನೂ ಇರಲಿಲ್ಲ. ಇದ್ದಿದ್ದರೆ ಪಾಪಯ್ಯನಿಗೆ ಸುಲಭವಾಗುತ್ತಿತ್ತು.

ಎರಡು ಬೋರಿಗೂ ನಡುವೆ ಎಷ್ಟು ದೂರ ಅಂತ ಅವನು ಮಾರನೆಯ ದಿನ ಹೆಜ್ಜೆ ಹಾಕಿ ನೋಡಿದ. ಹದಿನಾಲ್ಕು ಹೆಜ್ಜೆ.

“ಮುಂದಿನ ಭಾನುವಾರ ಇಬ್ಬರೂ ಸಾಕ್ಷಿ ಹೇಳಬೇಕಂತೆ. ಹಿರಿಯರು ಹೇಳಿ ಕಳಿಸಿದಾರೆ” ಅಂದಳು ರಾಹೇಲಮ್ಮ.

“ಏನಂತ ಹೇಳೋದು?”

“ಏನಂತ ಅಂದ್ರೆ? ದೇವರು ನಮ್ಮನ್ನ ಆಶೀರ್ವದಿಸಿದ ಅಂತ.”

“ಹಂಗಾದ್ರೆ ಟೀಚರಮ್ಮನ್ನ ಏನು ಮಾಡಿದ?”

ರಾಹೇಲಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. “ನೋಡ್ರೀ, ನಾಲ್ಕು ವರ್ಷ ಹೊತ್ತವಳು ನಾನು. ಈಗ ಮನೆಬಾಗಿಲಿಗೆ ನೀರು ಬಂದಿದೆ. ಅದಕ್ಕೂ ನಿಮ್ಮ ಅನುಮಾನ ಅಂಟಿಸಬೇಡಿ.”

ಅವಳ ಮಾತೂ ಸುಳ್ಳಲ್ಲ ಅಂತ ಅವನಿಗೆ ಗೊತ್ತಿತ್ತು. ಶನಿವಾರ ಅಯ್ಯನವರನ್ನೇ ಹೋಗಿ ಕೇಳಿದ. ಅಯ್ಯನವರು ಅಂದರೆ ಸಭೆಯ ಪಾದ್ರಿ, ಇನ್ನೂ ಮೂವತ್ತು ದಾಟದ ಮನುಷ್ಯ. ಅವರು, “ಪಾಪಯ್ಯ, ನನಗೂ ಸರಿಯಾಗಿ ಗೊತ್ತಿಲ್ಲ. ಕೊಟ್ಟವನಿಗೆ ಕೃತಜ್ಞತೆ ಹೇಳದೆ ಇರೋಕಾಗುತ್ತಾ? ಹೇಳಿ. ಆದ್ರೆ ನಾವು ಒಳ್ಳೆಯವರು, ಅದಕ್ಕೇ ಕೊಟ್ಟ ಅಂತ ಮಾತ್ರ ಹೇಳಬೇಡಿ” ಅಂದರು.

“ಎದ್ದು ನಿಂತು ಹೇಳಿದ್ರೆ ಜನಕ್ಕೆ ಹಂಗೇ ಕೇಳಿಸುತ್ತಲ್ಲ ಅಯ್ಯನೋರೇ?”



ಭಾನುವಾರ ರಾಹೇಲಮ್ಮ ಎದ್ದು ಹೇಳಿದಳು, ಅಳುತ್ತಾ ಹೇಳಿದಳು. ಹೆಂಗಸರೂ ಕಣ್ಣೊರೆಸಿಕೊಂಡರು. ಸಂಜೀವಯ್ಯನವರು ಪಾಪಯ್ಯನ ಕಡೆ ಕೈ ಮಾಡಿದರು. ಅವನು ಎದ್ದ. ಮುಂದಿನ ಬೆಂಚು ಹಿಡಿದುಕೊಂಡು, “ನಮ್ಮ ಬೋರಿಗೆ ನೀರು ಬಿತ್ತು. ಪಕ್ಕದ ಮನೆಯೋರಿಗೆ ಬೀಳಲಿಲ್ಲ. ಅವರ ಮನೇಲಿ ಕಾಯಿಲೆ ಮನುಷ್ಯರಿದಾರೆ, ನಮಗಿಂತ ಅವರಿಗೇ ಜಾಸ್ತಿ ಬೇಕಿತ್ತು. ಯಾಕೆ ಹಿಂಗಾಯ್ತೋ ನಂಗೆ ಗೊತ್ತಿಲ್ಲ” ಅಂದು ಕೂತ. ಯಾರೂ ‘ಸ್ತೋತ್ರ’ ಅನ್ನಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ರಾಹೇಲಮ್ಮ ಲೇಡೀಸ್ ಸೀಟಿನಲ್ಲಿ ಕೂತವಳು ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ.

ಆ ವಾರವೇ ಪಾಪಯ್ಯ ಮೋಟಾರಿನಿಂದ ಉದ್ದದ ಹಸಿರು ಪೈಪೊಂದನ್ನು ಎಳೆದು ಕಾಂಪೌಂಡಿನ ಮೇಲೆ ಹಾಯಿಸಿ, ಟೀಚರನ್ನು ಕರೆದ. “ದಿನಾ ಸಂಜೆ ಅರ್ಧ ಗಂಟೆ ಬಿಡ್ತೀನಿ ಟೀಚರಮ್ಮ. ಸಂಪು ತುಂಬಿಸ್ಕೊಳ್ಳಿ.”

ಕಾತ್ಯಾಯಿನಿ ಟೀಚರ್ ಪೈಪನ್ನು ನೋಡಿದರು, ಅವನನ್ನು ನೋಡಿದರು. “ಯಾಕೆ?”

“ಯಾಕೆ ಅಂದ್ರೆ? ನಮ್ಮಲ್ಲಿ ಬರ್ತಿದೆ, ನಿಮ್ಮಲ್ಲಿ ಇಲ್ಲ.”

“ಆಮೇಲೆ ಒಂದು ಭಾನುವಾರ ಬನ್ನಿ ಅಂತೀರಾ? ಒಂದು ಪುಸ್ತಕ ಕೊಡ್ತೀರಾ? ತಪ್ಪು ತಿಳ್ಕೋಬೇಡಿ, ನೇರವಾಗಿ ಕೇಳಿಬಿಡ್ತೀನಿ. ನಮ್ಮತ್ತೆ ಆಗಲೇ ಹೇಳ್ತಿದಾರೆ, ಆ ನೀರು ಮುಟ್ಟಬೇಡ ಅಂತ.”

ಪಾಪಯ್ಯನಿಗೆ ಕೋಪ ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದಿದ್ದರೆ ಇದಕ್ಕಿಂತ ಹೆಚ್ಚೇ ಅನುಮಾನ ಪಡುತ್ತಿದ್ದೆ ಅನ್ನಿಸಿತು. “ನೆಲದೊಳಗೆ ಬಂಡೆ ಎಲ್ಲೋ ಬಿರುಕು ಬಿಟ್ಟಿದೆ ಅಮ್ಮ. ಅದು ನಮ್ಮ ಕಡೆಗೆ ಬಿದ್ದಿದೆ. ಬೇಡ ಅನ್ನಿಸಿದ ದಿನ ಪೈಪ್ ಎತ್ತಿ ಈಚೆಗೆ ಹಾಕಿಬಿಡಿ” ಅಂದ. ಟೀಚರ್ ಅವತ್ತು ನೀರು ಹಿಡಿಯಲಿಲ್ಲ. ಮೂರನೆಯ ದಿನ ಹಿಡಿದರು.

ರಾಹೇಲಮ್ಮನಿಗೆ ನೀರು ಕೊಡುವುದಕ್ಕೆ ಬೇಜಾರಿರಲಿಲ್ಲ. ಟೀಚರ್ ನೀರು ಹಿಡಿದ ಮೊದಲನೆಯ ಸಂಜೆ ತಾನೇ ಪೈಪ್ ಹಿಡಿದು, “ನಮ್ಮ ದೇವರು ಕೊಟ್ಟಿದ್ದು, ಎಷ್ಟು ಬೇಕಾದ್ರೂ ತಗೊಳ್ಳಿ” ಅಂದಳು. ಟೀಚರ ಮುಖ ಬಿಗಿದುಕೊಂಡಿತು. ಒಳಗೆ ಬಂದ ಮೇಲೆ ಪಾಪಯ್ಯ ಹೇಳಿದ, “ಆ ಮಾತು ಅಲ್ಲಿ ಆಡಬೇಡ.”

“ದೇವರ ಹೆಸರು ಹೇಳೋದೂ ತಪ್ಪಾ?”

“ತಪ್ಪಲ್ಲ. ಪೈಪ್ ಹಿಡ್ಕೊಂಡು ಹೇಳಬೇಡ.”

ನಾಲ್ಕು ವರ್ಷ ನೀರು ಬಂತು. ಟೀಚರ ಅತ್ತೆ ಅದೇ ನೀರಲ್ಲಿ ಸ್ನಾನ ಮಾಡಿಸಿಕೊಂಡು, ಆ ಮನೆಯಲ್ಲೇ ತೀರಿಹೋದರು. ಅಷ್ಟರಲ್ಲಿ ಬಡಾವಣೆ ಗುರುತು ಸಿಗದಂತಾಗಿತ್ತು. ಖಾಲಿ ಇದ್ದ ಕಡೆಯಲ್ಲೆಲ್ಲ ನಾಲ್ಕು ಮಹಡಿ, ಐದು ಮಹಡಿ ಅಪಾರ್ಟ್‌ಮೆಂಟು. ಒಂದೊಂದಕ್ಕೂ ಎಂಟುನೂರು, ಒಂಬೈನೂರು ಅಡಿ ಬೋರು. ಎರಡು ಸಾವಿರದ ಐದರ ಮಾರ್ಚಿನಲ್ಲಿ ಒಂದು ಬೆಳಗ್ಗೆ ಪಾಪಯ್ಯನ ಮೋಟಾರು ನೀರಿನ ಬದಲು ಗಾಳಿ ಎಳೆಯಿತು. ಮೆಕ್ಯಾನಿಕ್ ಬಂದು ಪೈಪೆಲ್ಲ ಮೇಲೆತ್ತಿ ನೋಡಿ, “ಒಳಗೆ ಏನಿಲ್ಲ ಅಣ್ಣ” ಅಂದ.

ಸುದ್ದಿ ಕೇಳಿ ಸಂಜೀವಯ್ಯನವರು ಮನೆಗೆ ಬಂದರು. ಪಾಪಯ್ಯ ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದ. ಪ್ರಾರ್ಥನೆ ಮುಗಿಸಿ ಅವರು ಸಮಾಧಾನದ ದನಿಯಲ್ಲೇ ಅಂದರು, “ಪಾಪಯ್ಯ, ಬೇಜಾರು ಮಾಡ್ಕೋಬೇಡಿ. ಅವತ್ತು ಸಾಕ್ಷಿಯ ದಿನ ನೀವು ಆಡಿದ ಮಾತು ನನ್ನ ಮನಸ್ಸಲ್ಲಿ ಹಂಗೇ ಇದೆ. ಕೊಟ್ಟದ್ದನ್ನ ಆಶೀರ್ವಾದ ಅಂತ ಒಪ್ಪಿಕೊಳ್ಳದೇ ಇದ್ರೆ ಅದು ನಿಲ್ಲಲ್ಲ. ಒಂದು ಸಲ ನಿಮ್ಮನ್ನ ನೀವೇ ಪರೀಕ್ಷೆ ಮಾಡ್ಕೊಳ್ಳಿ.”

ಪಾಪಯ್ಯ ಹೆಂಡತಿಯ ಕಡೆ ನೋಡಿದ. ಅವಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನೆಲ ನೋಡುತ್ತಾ. ಅವಳಿಗೂ ಹಾಗೇ ಅನ್ನಿಸಿದೆ ಅಂತ ಅವನಿಗೆ ಗೊತ್ತಾಯಿತು. ಇಷ್ಟು ವರ್ಷ ಯಾರ ಮಾತಿಗೂ ಕುಗ್ಗದವನು ಆಗ ಕುಗ್ಗಿದ. ನಿಜವಾಗಿಯೂ ಇರಬಹುದೇ? ತನ್ನ ಬಾಯಿಂದಲೇ?

ಕಾಂಪೌಂಡಿನಾಚೆ ಬಟ್ಟೆ ಒಣಗಿಸುತ್ತಿದ್ದ ಕಾತ್ಯಾಯಿನಿ ಟೀಚರಿಗೆ ಎಲ್ಲ ಕೇಳಿಸಿತ್ತು. ಅಲ್ಲಿಂದಲೇ, “ಸಾರ್, ನಾನೊಂದು ಕೇಳಲಾ?” ಅಂದರು.

ಸಂಜೀವಯ್ಯನವರು ತಿರುಗಿದರು. “ಕೇಳಿ ಅಮ್ಮ.”

“ಇವರು ಏನೋ ಮಾತಾಡಿದ್ರು, ಅದಕ್ಕೆ ಇವರ ನೀರು ನಿಂತೋಯ್ತು. ಸರಿ. ನನಗೆ ಮೊದಲಿಂದಲೂ ಒಂದು ಹನಿ ಬರಲಿಲ್ವಲ್ಲ, ನಾನೇನು ಮಾಡಿದ್ದೆ?”

“ನಿಮ್ಮ ವಿಷಯ ಬೇರೆ ಅಮ್ಮ.”

“ಹೇಗೆ ಬೇರೆ? ನಾಲ್ಕು ವರ್ಷ ನಮ್ಮತ್ತೆಗೆ ಬಿಸಿನೀರು ಹಾಕಿದ್ದು ಇವರ ಬೋರಿಂದ. ಪಾಪಯ್ಯನೋರು ಒಂದು ದಿನಾನೂ ಅದಕ್ಕೆ ದೇವರ ಹೆಸರು ಹೇಳಲಿಲ್ಲ. ಇವರೂ ಹೇಳಿದ್ದಿದ್ರೆ ನಾನು ಹಿಡೀತಾನೂ ಇರಲಿಲ್ಲ.”

ಸಂಜೀವಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೇನೂ ಕೆಟ್ಟ ಮನುಷ್ಯರಲ್ಲ. ರಾಹೇಲಮ್ಮ ಮುಂದೆ ಬಂದು ಲೋಟ ಅವರ ಕೈಗಿಟ್ಟು, “ಕಾಫಿ ಆರುತ್ತೆ ಹಿರಿಯರೇ” ಅಂದಳು. ಅವರು ಕುಡಿದು ಹೊರಟರು. ಗೇಟಿನವರೆಗೆ ಹೋದ ಪಾಪಯ್ಯನಿಗೆ, “ನಿಮಗೆ ಗೊತ್ತೇ ಇದೆಯಲ್ಲ, ನಮ್ಮ ಬೀದೀಲೂ ಈಗ ನೀರು ದಿನ ಬಿಟ್ಟು ದಿನ” ಅಂದರು, ಮೆಲ್ಲಗೆ.

ಒಳಗೆ ಬಂದರೆ ರಾಹೇಲಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. “ನಾನೂ ಹಂಗೇ ಅಂದ್ಕೊಂಡಿದ್ದೆ ರೀ. ಒಂದು ವಾರದಿಂದ. ಆಯಮ್ಮ ಕೇಳಿದಾಗ ನಾಚಿಕೆ ಆಯ್ತು” ಅಂದಳು.

“ನಂಗೂ ಒಂದು ಗಳಿಗೆ ಹಂಗೇ ಅನ್ನಿಸ್ತು” ಅಂದ ಪಾಪಯ್ಯ.

ಆಮೇಲೆ ಎರಡೂ ಮನೆ ಸೇರಿ ಒಂದೇ ಟ್ಯಾಂಕರ್ ತರಿಸುವುದು ಅಂತಾಯಿತು. ಮರೆಪ್ಪ ಅಂತ ಒಬ್ಬ ಡ್ರೈವರು ಮೂರು ದಿನಕ್ಕೊಮ್ಮೆ ಬರುತ್ತಿದ್ದ. ಮೊದಲ ಸಲ ಬಂದಾಗ ಪಾಪಯ್ಯ ಟೀಚರ ಸಂಪಿಗೆ ಪೈಪ್ ಇಳಿಸುತ್ತಾ, “ಎಲ್ಲಿ ತುಂಬಿಸ್ಕೊಂಡು ಬರ್ತೀಯಪ್ಪ?” ಅಂತ ಕೇಳಿದ.

“ತಲಘಟ್ಟಪುರದ ಹತ್ರ ಅಣ್ಣ, ಒಂದು ತೋಟದ ಬೋರು. ಸಖತ್ ನೀರು. ದೇವರು ಕೊಟ್ಟಂಗೆ ಕೊಡ್ತಿದೆ.”

“ಅಕ್ಕಪಕ್ಕದ ತೋಟದೋರಿಗೆ?”

“ಅವರದು ಹೋದ ವರ್ಷವೇ ನಿಂತೋಯ್ತು” ಅಂದ ಮರೆಪ್ಪ, ವಾಲ್ವ್ ತೆಗೆಯುತ್ತಾ.

ಪಾಪಯ್ಯ ಪೈಪ್ ಹಿಡಿದುಕೊಂಡೇ ನಿಂತ. ನೀರು ಸಂಪಿನೊಳಗೆ ಜೋರಾಗಿ ಬೀಳತೊಡಗಿತು. ಆಚೆಯಿಂದ ರಾಹೇಲಮ್ಮ, “ಸರಿಯಾಗಿ ಹಿಡ್ಕೊಳ್ರೀ, ಚೆಲ್ಲುತ್ತೆ” ಅಂತ ಕೂಗಿದಳು. ಅವನು ಸರಿಯಾಗಿ ಹಿಡಿದುಕೊಂಡ.