ಅವ್ವ ತರುತ್ತಿದ್ದ ಹುಳಿ ಮಣ್ಣು

ಬೈರಾಪಟ್ಟಣದಲ್ಲಿ ಒಲೆ ಹಾಕಬೇಕೆಂದರೆ ಶಿವಲಿಂಗಮ್ಮನೇ ಬರಬೇಕು. ಗ್ಯಾಸ್ ಬಂದು ಎಷ್ಟು ವರ್ಷವಾದರೇನು, ಸ್ನಾನದ ನೀರಿಗೆ, ಹಬ್ಬದ ಬಾಡೂಟಕ್ಕೆ ಮಣ್ಣಿನ ಒಲೆಯೇ ಆಗಬೇಕು ಅನ್ನುವ ಮನೆಗಳು ಊರಲ್ಲಿ ಇನ್ನೂ ಇವೆ. ಅವಳು ಹಾಕಿದ ಒಲೆ ಬಿರುಕು ಬಿಡುವುದಿಲ್ಲ, ಹೊಗೆ ಮುಖಕ್ಕೆ ಬಡಿಯುವುದಿಲ್ಲ. ಆದರೆ ಕರೆದ ಮನೆಯವರು ಒಂದನ್ನು ಸಹಿಸಿಕೊಳ್ಳಬೇಕು. ಮಣ್ಣಿನ ಗುಡ್ಡೆ ಮುಂದೆ ಕೂತವಳೇ ಒಂದು ಚಿಟಿಕೆ ತೆಗೆದು ಮೂಸುತ್ತಾಳೆ, ನಾಲಿಗೆ ತುದಿಗೆ ಇಟ್ಟುಕೊಳ್ಳುತ್ತಾಳೆ, ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ, ಆಮೇಲೆ ಥೂ ಎಂದು ಉಗಿಯುತ್ತಾಳೆ. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಬಾಯಿಗೆ ಒಂದಿಷ್ಟು ಹಾಕಿಕೊಂಡು ಕೆಲಸಕ್ಕೆ ಕೈ ಹಚ್ಚುವುದು ಆಮೇಲೆ.

"ಜನ ಮದ್ವೆಗೋದ್ರೆ ಊಟ ಹೆಂಗೈತೆ ಅಂತ ನೋಡ್ತಾರೆ. ಇವ್ಳು ಅವ್ರ ನೆಲ ಹೆಂಗೈತೆ ಅಂತ ನೆಕ್ಕಿ ನೋಡ್ತಾಳೆ," ಎಂದು ಗಂಡ ರಾಮಲಿಂಗಯ್ಯ ಡೈರಿ ಮುಂದೆ ನಿಂತು ನಗಾಡುತ್ತಾನೆ. ನಗಲಿ ಬಿಡಿ. ಆ ಮನುಷ್ಯನಿಗೆ ಹೆಂಡತಿಯ ಮೇಲೆ ಎಷ್ಟು ಜೀವ ಎನ್ನುವುದು ಊರಿಗೇ ಗೊತ್ತು.

ಒಲೆಗೆ ಮಣ್ಣು ಪರೀಕ್ಷೆ ಮಾಡುತ್ತಾಳೆ ಎಂದು ಊರಿನವರು ಅಂದುಕೊಂಡಿದ್ದರು. ಅದೆಲ್ಲ ಏನೂ ಅಲ್ಲ. ಒಲೆಗೆ ಜಿಗುಟು ಇದ್ದರೆ ಸಾಕು, ಅದು ಕೈಗೇ ತಿಳಿಯುತ್ತದೆ, ನಾಲಿಗೆ ಯಾಕೆ ಬೇಕು? ಅವಳು ಹುಡುಕುತ್ತಿದ್ದದ್ದು ಒಂದು ರುಚಿಯನ್ನು. ಯಾವ ಊರಿನ ಮಣ್ಣಿನಲ್ಲೂ ಅದು ಸಿಕ್ಕಿರಲಿಲ್ಲ.

ಅವಳ ತವರು ಸೀಗೇದೊಡ್ಡಿ. ಮರಳವಾಡಿ ದಾಟಿ, ಟಾರು ಮುಗಿದು, ಇನ್ನು ಮುಂದೆ ಕಾಡೇ ಅನ್ನುವ ಕಡೆ ಇರುವ ಹಳ್ಳಿ. ಅವಳವ್ವ ಮರಿಹೊನ್ನಮ್ಮ ಕೊಟ್ಟಿಗೆಗೆ ಹಾಸಲು ಕಾಡಿನಿಂದ ತರಗು ಗುಡಿಸಿ ತರುತ್ತಿದ್ದಳು. ಹಿಂದೆ ಲಂಗದ ಹುಡುಗಿ ಶಿವಲಿಂಗಿ. ಮಳೆ ನೀರು ಕೊರೆದ ಒಂದು ಕೊರಕಲು ಅಲ್ಲಿತ್ತು. ಅದರ ದಂಡೆ ಕತ್ತರಿಸಿದ ಹಾಗೆ ನಿಂತು, ಕಾಡಿನ ಹೊಟ್ಟೆಯೊಳಗೆ ಏನಿದೆ ಎನ್ನುವುದನ್ನೆಲ್ಲ ತೋರಿಸುತ್ತಿತ್ತು.

"ನೋಡು ಮಗ," ಎಂದು ಅವ್ವ ಕುಡುಗೋಲಿನ ತುದಿಯಲ್ಲಿ ತೋರಿಸುತ್ತಿದ್ದಳು. "ಮೇಲೆ ಬಿದ್ದಿರ ತರಗು ಈ ವರ್ಸದ್ದು. ಅದ್ರಡಿ ಬಿಳೀ ಬೂಷ್ಟು ಹಿಡ್ಕಂಡು ಅರ್ಧ ಕೊಳ್ತೈತಲ್ಲ, ಅದು ಹ್ವಾದ್ ವರ್ಸದ್ದು. ಈ ಕರೇದು ನಮ್ಮಜ್ಜಿ ಕಾಲದ್ದು. ಅದ್ರಡಿ ಕಂದುಬಣ್ಣದ ಗೋಡುಮಣ್ಣು, ಅದು ಅವ್ರಜ್ಜಿ ಕಾಲದ್ದು. ಆಮೇಲೆ ಕೆಂಪು ಜೇಡಿ, ಗರಸು, ಬಂಡೆ. ಅವು ಯಾರ ಕಾಲದ್ದೂ ಅಲ್ಲ, ದ್ಯಾವ್ರ ಕಾಲದ್ದು."

ನಡುವಿನ ಆ ಕಂದು ಗೋಡುಮಣ್ಣೇ ಬಸುರಿಯರ ಮಣ್ಣು. ಒತ್ತಿದರೆ ಉಂಡೆಯಾಗುತ್ತದೆ, ಬೆರಳಾಡಿಸಿದರೆ ಹುಡಿಯಾಗುತ್ತದೆ, ನಾಲಿಗೆಗೆ ಇಟ್ಟರೆ ಹುಳಿ. ಮೇಲಿನ ಕರೇದರಲ್ಲಿ ಹುಳ ಇರುತ್ತದೆ, ಕೆಳಗಿನ ಕೆಂಪು ಹೊಟ್ಟೆ ಕಟ್ಟುತ್ತದೆ ಎಂದು ಸೀಗೇದೊಡ್ಡಿಯ ಹೆಂಗಸರು ಎರಡನ್ನೂ ಮುಟ್ಟುತ್ತಿರಲಿಲ್ಲ. ಕಂದು ಮಣ್ಣನ್ನು ಉಂಡೆ ಕಟ್ಟಿ ಕೆಂಡದಲ್ಲಿ ಸುಟ್ಟು, ಬಯಕೆ ಬಂದಾಗ ಒಂದು ಚೂರು ಕಡಿದುಕೊಳ್ಳುತ್ತಿದ್ದರು.

ಶಿವಲಿಂಗಮ್ಮ ಮದುವೆಯಾಗಿ ಬೈರಾಪಟ್ಟಣಕ್ಕೆ ಬಂದಳು. ಮಗ ಅಶ್ವಥ್ ಹೊಟ್ಟೆಯಲ್ಲಿ ನಿಂತಾಗ ಅವಳಿಗೆ ಮಾವಿನಕಾಯಿ ಬೇಡ, ಹುಣಸೆ ಬೇಡ, ಮಣ್ಣು ಬೇಕು. ಮೊದಲ ಮಳೆ ಬಿದ್ದಾಗ ಬಾಯಲ್ಲಿ ನೀರು ಒಸರಿ ಗೋಡೆ ನೆಕ್ಕಿಯೂ ನೋಡಿದಳು. ಅದೋ ಗದ್ದೆಯ ನೀರು ಕುಡಿದು ಕುಡಿದು ಸೌಳಾದ ಮಣ್ಣು, ಸೋಪು ನೆಕ್ಕಿದ ಹಾಗಾಯಿತು. ಸುದ್ದಿ ತವರಿಗೆ ಮುಟ್ಟಿತು. ಮರಿಹೊನ್ನಮ್ಮ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದು ಬಂದಳು. ಜಗಲಿಯ ಮೇಲೆ ಕೂತು, ಬೀಗಿತ್ತಿ ಒಳಗೆ ಹೋದದ್ದನ್ನು ನೋಡಿಕೊಂಡು, ಮಗಳ ಅಂಗೈಗೆ ಒಂದು ಉಂಡೆ ಇಟ್ಟಳು. ಆಹಾ! ಆ ಹುಳಿ, ಆ ಘಮ. ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದಳು. ಅವ್ವ ಬರುವ ಬಸ್ಸಿನ ಹೊತ್ತಿಗೆ ಮಗಳ ಕಣ್ಣು ರಸ್ತೆಯ ಮೇಲೆ.

ದಿನ ತುಂಬುವ ಹೊತ್ತಿಗೆ ಅವ್ವ ಬರಲಿಲ್ಲ. ಜ್ವರ ಅಂದರು. ಬಾಣಂತನಕ್ಕೆ ತವರಿಗೆ ಹೋಗಬೇಕಾದವಳು ಗಂಡನ ಮನೆಯಲ್ಲೇ ಹೆತ್ತಳು. ಪುರುಡು ಕಳೆಯುವ ಮೊದಲೇ ಸೀಗೇದೊಡ್ಡಿಯಿಂದ ಆಳು ಬಂದ. ಮರಿಹೊನ್ನಮ್ಮ ಇಲ್ಲ.

"ಹಸಿ ಬಾಣಂತಿ ಮಣ್ಣಿಗೆ ಹೋಗಂಗಿಲ್ಲ ಕಣವ್ವ," ಎಂದಳು ಅತ್ತೆ. ಕೆಟ್ಟ ಹೆಂಗಸಲ್ಲ ಅವಳು. "ಅಳಲೂಬ್ಯಾಡ. ಬಾಣಂತಿ ಅತ್ರೆ ಎದೆಹಾಲು ಬತ್ತೋಯ್ತದೆ." ಶಿವಲಿಂಗಮ್ಮ ಕೂಸನ್ನು ಎದೆಗೆ ಹಾಕಿಕೊಂಡು ತುಟಿ ಕಚ್ಚಿ ಕೂತಳು. ರಾಮಲಿಂಗಯ್ಯ ಹೋಗಿ ಬಂದ. "ನಿನ್ ಪಾಲಿನ ಹಿಡಿ ಮಣ್ಣೂ ನಾನೇ ಹಾಕ್ಬುಟ್ಟೆ ಕಣೇ," ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಒಬ್ಬರ ಹಸಿವಿಗೆ ಇನ್ನೊಬ್ಬರು ಉಂಡರೆ ಆಗುತ್ತದೆಯೇ? ತಡವಾಗಿ ಬಂದ ಮಗಳು ಮಣ್ಣು ಹಾಕುವುದಕ್ಕೆ ತಿಥಿಯಲ್ಲಿ, ಎಡೆಯಲ್ಲಿ ಎಲ್ಲೂ ಜಾಗವಿಲ್ಲ. ಆ ಹಿಡಿ ಮಣ್ಣು ಅವಳ ಕೈಯಲ್ಲೇ ಉಳಿಯಿತು. ಅವ್ವನಿಲ್ಲದ ತವರಿನಲ್ಲಿ ಅವಳು ಕೊರಕಲಿನ ಕಡೆ ತಲೆ ಹಾಕಲೂ ಇಲ್ಲ. ಅದಾದ ಮೇಲೆಯೇ ಅವಳು ಊರೂರ ಮಣ್ಣು ನೆಕ್ಕತೊಡಗಿದ್ದು.

ಈಗ ಅಶ್ವಥ್‌ನ ಹೆಂಡತಿ ರಮ್ಯಾ ಬಸುರಿ. ವಿರೂಪಾಕ್ಷಿಪುರದ ಹುಡುಗಿ, ಓದಿದವಳು, ಬಾಯಿ ಜೋರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕಟಕಟ ಸದ್ದಾಯಿತೆಂದು ಇಣುಕಿದರೆ ಸೊಸೆ ಬಳಪ ತಿನ್ನುತ್ತಿದ್ದಾಳೆ.

"ಅತ್ತೆ, ಬಯ್ಬ್ಯಾಡಿ. ತಡ್ಯಕ್ಕೇ ಆಯ್ತಿಲ್ಲ," ಎಂದಳು ರಮ್ಯಾ, ತುಟಿಗೆ ಬಿಳಿ ಪುಡಿ ಮೆತ್ತಿಕೊಂಡು. "ಅಂಗ್ಡಿಯವ್ನು ಬೇರೆ, ಯಾವ ಸ್ಕೂಲ್ಗಮ್ಮ ಇಷ್ಟೊಂದು ಬಳಪ ಅಂತಾನೆ!"

ಶಿವಲಿಂಗಮ್ಮ ಬಿದ್ದು ಬಿದ್ದು ನಕ್ಕಳು. ನಗುತ್ತ ನಗುತ್ತಲೇ ಸೊಸೆಯ ತುಟಿ ಒರೆಸಿದಳು. "ಥೂ, ಬಳಪ ಒಂದು ತಿನ್ನೋ ವಸ್ತುವೇನೇ? ಮಣ್ಣು ಅಂದ್ರೆ ನಮ್ಮವ್ವ ತರೋಳು, ಅದು ಮಣ್ಣು. ಇರು, ತಂದ್ಕೊಡ್ತೀನಿ."

"ಆಸ್ಪತ್ರೆ ಸಿಸ್ಟರ್ ಮಣ್ಣು ಗಿಣ್ಣು ಏನೂ ತಿನ್ಬಾರ್ದು, ಐರನ್ ಮಾತ್ರೆ ನುಂಗಮ್ಮ ಅಂದವ್ರೆ."

"ಮಾತ್ರೆನೂ ನುಂಗು. ಇದ್ನ ಬರೀ ಮೂಸು."

ಮಾತು ಸೊಸೆಯ ಹೆಸರಿನಲ್ಲಿತ್ತು, ಆಸೆ ತನ್ನದೇ ಎನ್ನುವುದು ಶಿವಲಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಒಂದು ಸಲ ಆ ರುಚಿ ನಾಲಿಗೆಗೆ ಬಂದರೆ ಸಾಕು, ಅವ್ವ ಜಗಲಿಗೆ ಬಂದು ಕೂತ ಹಾಗೆ.

ಮಾರನೆಯ ದಿನ ಬೆಳಿಗ್ಗೆಯೇ ಟಿವಿಎಸ್ ಹೊರಟಿತು. "ಮಣ್ಣು ತರಕ್ಕೆ ಪೆಟ್ರೋಲ್ ಸುಡೋ ಗಂಡ ಈ ತಾಲ್ಲೂಕಲ್ಲೇ ನಾನೊಬ್ನೇ," ಎಂದು ರಾಮಲಿಂಗಯ್ಯ ರಾಮನಗರ ದಾಟುವವರೆಗೂ ಗೊಣಗಿದ.

ಸೀಗೇದೊಡ್ಡಿಯಲ್ಲಿ ಇದ್ದವಳು ತಮ್ಮನ ಹೆಂಡತಿ ಚಿಕ್ಕತಾಯಮ್ಮ. ಮರಿಹೊನ್ನಮ್ಮನ ಕಡೆಗಾಲದಲ್ಲಿ ಬಾಯಿಗೆ ಗಂಜಿ ಬಿಟ್ಟ ಸೊಸೆ. ಕಾಡಿನಂಚಿಗೆ ಈಗ ಆನೆ ಬರದ ಹಾಗೆ ಸೋಲಾರ್ ತಂತಿ ಎಳೆದಿದ್ದಾರೆ. "ಒಬ್ಳೇ ಹೋಗ್ಬ್ಯಾಡ ಅಕ್ಕ, ನಿನ್ನೆ ಹಲಸಿನ ಮರ ಉಜ್ಜಿ ಹೋಗವೆ," ಎಂದು ಚಿಕ್ಕತಾಯಮ್ಮ ಕುಡುಗೋಲು ಹಿಡಿದು ಜೊತೆಗೆ ಬಂದಳು. ರಾಮಲಿಂಗಯ್ಯನೂ ತಂತಿ ತಪ್ಪಿಸಿ ನುಸುಳಿದ.

ಕೊರಕಲು ಅಲ್ಲೇ ಇತ್ತು. ದಂಡೆಯೂ ಹಾಗೇ ನಿಂತಿತ್ತು. ಶಿವಲಿಂಗಮ್ಮ ಸೆರಗು ಸಿಕ್ಕಿಸಿ ಮಂಡಿಯೂರಿದಳು. ತರಗು ಸರಿಸಿದಳು, ಸರಬರ ಎಂದಿತು. ಅದರಡಿಯ ಬೂಷ್ಟು ಹಿಡಿದ ಎಲೆಗಳು ಒದ್ದೆ ಬಟ್ಟೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಎದ್ದವು. ಆಮೇಲೆ ಕರಿಮಣ್ಣು, ಅದರ ತುಂಬ ಸಣ್ಣ ಸಣ್ಣ ಬೇರು. ಕೈ ಒಳಗೆ ಹೋದಷ್ಟೂ ತಂಪು. ಮುಂಗೈ ಮುಳುಗುವಷ್ಟಕ್ಕೆ ಕಂದು ಗೋಡುಮಣ್ಣು ಬಂತು. ಅವ್ವ ಹೇಳಿದ ಯಾವುದೂ ತನ್ನ ಜಾಗ ಬಿಟ್ಟಿರಲಿಲ್ಲ. ಒಂದು ಚಿಟಿಕೆ ತೆಗೆದು ಮೂಸಿ, ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದಳು.

ಹುಳಿ ಇತ್ತು. ಎಳೆ ಹುಣಸೆ ಚಿಗುರಿನ ಹುಳಿ. ಆದರೆ ಅದಲ್ಲ.

ಮತ್ತೊಂದು ಚಿಟಿಕೆ. ಅಲ್ಲ. ಸ್ವಲ್ಪ ಮೇಲೆ ಕರೇದು ನೋಡಿದಳು, ಕೆಳಗೆ ಕೆಂಪು ನೋಡಿದಳು, ಗರಸನ್ನೂ ಬಾಯಿಗೆ ಹಾಕಿಕೊಂಡು ಕರಕರ ಎನಿಸಿದಳು. ಮಕ್ಕಳು ಸಂತೆಯಲ್ಲಿ ಕೈ ತಪ್ಪಿದ ತಾಯಿಗಾಗಿ ಒಂದೊಂದು ಮುಖ ನೋಡುತ್ತ ಓಡುವುದಿಲ್ಲವೇ, ಹಾಗೆ ಆ ದಂಡೆಯ ಉದ್ದಕ್ಕೂ ಕೆದಕಿದಳು. ಸುಟ್ಟರೆ ಬರಬಹುದೆಂದು ಮಡಿಲು ತುಂಬ ಕಂದು ಮಣ್ಣು ತಂದು, ಚಿಕ್ಕತಾಯಮ್ಮನ ಒಲೆಯ ಕೆಂಡದಲ್ಲಿ ಉಂಡೆ ಸುಟ್ಟು ಕಡಿದಳು. ಊಹೂಂ.

"ಕಾಡು ಕೆಟ್ಟೋಯ್ತು," ಎಂದಳು ಸಿಟ್ಟಿನಿಂದ. "ಇಲ್ಲಾ ಅಂದ್ರೆ ನನ್ ನಾಲ್ಗೇನೇ ಕೆಟ್ಟೈತೆ. ಇಷ್ಟು ವರ್ಸ ನಾಯಿ ಹಂಗೆ ಊರೂರ ನೆಲ ಮೂಸ್ಕಂಡು ತಿರುಗಿದ್ದು ದಂಡ."

ಚಿಕ್ಕತಾಯಮ್ಮ ಒಲೆ ಮುಂದೆ ಕೂತು ಬೂದಿ ಕೆದಕುತ್ತಿದ್ದಳು. "ಕಾಡೂ ಕೆಟ್ಟಿಲ್ಲ, ನಾಲ್ಗೇನೂ ಕೆಟ್ಟಿಲ್ಲ ಅಕ್ಕ. ಅತ್ತೆ ಉಂಡೇನ ಯಾತ್ರಲ್ಲಿ ಇಟ್ಕಂಡ್ ಬರೋರು ಅಂತ ನಿಂಗೊತ್ತಾ?"

"ಸೆರಗಲ್ಲಿ ಗಂಟು ಹಾಕ್ಕಂಡು ತಾನೆ?"

"ಎಲ್ಲಿ ಸೆರಗು! ಎಲೆಅಡ್ಕೆ ಚೀಲ್ದಲ್ಲಿ. ಬೀಗಿತ್ತಿ ನೋಡ್ಬುಟ್ರೆ ಮಗಳ್ನ ಬಯ್ತಾರೆ ಅಂತ. ಹೊರಡೋ ಮುಂಚಿನ್ ದಿವ್ಸವೇ ಚೀಲಕ್ಕಾಕಿ ತಲೆದಿಂಬಿನಡಿ ಮಡಿಕ್ಕಂಡು ಮಲಗೋರು. ಅಡ್ಕೆ, ಲವಂಗ, ಕಡ್ಡಿಪುಡಿ, ಎಲ್ಲಾದ್ರ ಘಮ ಹಿಡ್ಕಳ್ಳೋದು. ಸುಣ್ಣದ ಡಬ್ಬಿ ಒಂದ್ನ ಮಾತ್ರ ಆಚೆ ತೆಗ್ದು ಸೊಂಟಕ್ಕೆ ಸಿಕ್ಕಿಸ್ಕಳೋರು. ಸುಣ್ಣ ಸೋಕುದ್ರೆ ಮಣ್ಣಿನ ಹುಳಿ ಸತ್ತೋಯ್ತದೆ, ನನ್ ಮಗೀಗೆ ಹುಳೀನೇ ಬೇಕು ಅನ್ನೋರು. ಆ ಡಬ್ಬಿ ಒತ್ತಿ ಒತ್ತಿ ಸೊಂಟ ಕೆಂಪಾಗಿರದು."

ಶಿವಲಿಂಗಮ್ಮನ ಬಾಯಲ್ಲಿದ್ದ ಮಣ್ಣು ಅಲ್ಲೇ ನಿಂತಿತು. ಬಸ್ಸಿನ ನೂಕುನುಗ್ಗಲಿನಲ್ಲಿ ಸೊಂಟದ ಡಬ್ಬಿಯನ್ನು ಒಂದು ಕೈಯಲ್ಲಿ, ಚೀಲವನ್ನು ಒಂದು ಕೈಯಲ್ಲಿ ಹಿಡಿದು ನಿಂತ ಅವ್ವ ಕಂಡಳು. ಇಷ್ಟು ವರ್ಷ ಅವಳು ಮಣ್ಣಿನಲ್ಲಿ ಹುಡುಕಿದ್ದು ಮಣ್ಣಿನದ್ದೇ ಆಗಿರಲಿಲ್ಲ.

"ಆ ಚೀಲ ಎಲ್ಲೈತೆ ಈಗ?" ಎಂದಳು. ಕೇಳುವಾಗಲೇ ಉತ್ತರ ತಿಳಿದಿತ್ತು.

"ಅತ್ತೆ ಜೊತೆಗೇ ಇಟ್ಬುಟ್ವಿ ಅಕ್ಕ. ಅದಿಲ್ದೆ ಅವ್ರು ಎಲ್ಗೂ ಹೋದೋರಲ್ಲ."

ಮರಿಹೊನ್ನಮ್ಮನನ್ನು ಇಟ್ಟದ್ದು ಹೊಲದ ಕೊನೆಯ ಹೊಂಗೆಯ ಕೆಳಗೆ. ಮೇಲಿನ ಮಣ್ಣಿನ ಗುಡ್ಡೆ ಕುಸಿದು ನೆಲ ಸಮವಾಗಿತ್ತು. ಎಲೆ ಉದುರಿ, ಅದರಡಿ ಎಲೆ ಕೊಳೆತು, ಅದರಡಿ ಕಪ್ಪಾಗಿ, ಅಲ್ಲೂ ಕಾಡಿನ ಹಾಗೆಯೇ ಒಂದರ ಮೇಲೊಂದು ಕೂಡಿತ್ತು. ಶಿವಲಿಂಗಮ್ಮ ಮಡಿಲಿನಲ್ಲಿ ಉಳಿದ ಮಣ್ಣನ್ನು ಹಿಡಿ ತುಂಬ ತೆಗೆದಳು. ಗಂಡನ ಕಡೆ ನೋಡಿದಳು.

"ಯಾರ್ನ ಕೇಳ್ತೀಯೇ? ನಿಮ್ಮವ್ವ, ನಿನ್ ಕೈ. ಹಾಕು," ಎಂದ ರಾಮಲಿಂಗಯ್ಯ.

ಹಾಕಿದಳು. ಎರಡನೆಯ ಹಿಡಿ, ಮೂರನೆಯ ಹಿಡಿ. ಕೈ ಕೊಡವಲಿಲ್ಲ. ಕಣ್ಣಿನಲ್ಲಿ ನೀರು ಬರುತ್ತದೆಂದು ಚಿಕ್ಕತಾಯಮ್ಮ ಕಾದಳು, ಬರಲಿಲ್ಲ. ಅಷ್ಟು ವರ್ಷ ಕಚ್ಚಿ ಹಿಡಿದ ತುಟಿ ಅಷ್ಟು ಬೇಗ ಬಿಡುವುದಿಲ್ಲ.

ಹೊರಡುವ ಮುಂಚೆ ಸುಟ್ಟ ಉಂಡೆಗಳಲ್ಲಿ ಒಂದನ್ನು ಆರಿಸಿ ತನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು. ಸುಣ್ಣದ ಡಬ್ಬಿ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಮರಳವಾಡಿಯಿಂದ ಬೈರಾಪಟ್ಟಣದವರೆಗೂ ರಸ್ತೆಯ ಪ್ರತಿ ಉಬ್ಬಿಗೂ ಆ ಡಬ್ಬಿ ಪಕ್ಕೆಗೆ ಒತ್ತಿತು. ಸರಿಮಾಡಿಕೊಳ್ಳಬಹುದಿತ್ತು, ಮಾಡಿಕೊಳ್ಳಲಿಲ್ಲ. ಆ ರಾತ್ರಿ ಚೀಲ ತಲೆದಿಂಬಿನ ಕೆಳಗಿತ್ತು.

ಬೆಳಿಗ್ಗೆ ರಮ್ಯಾ ಜಗಲಿಗೆ ಬಂದು ಕೂತು ಕೈ ಚಾಚಿದಳು. "ಎಲ್ಲತ್ತೆ, ನಿಮ್ಮವ್ವನ್ ಮಣ್ಣು? ತಿನ್ನಲ್ಲಪ್ಪ, ಆಣೆ, ಮೂಸ್ತೀನಿ ಅಷ್ಟೆ."

ಶಿವಲಿಂಗಮ್ಮ ಚೀಲ ಬಿಚ್ಚಿ ಉಂಡೆಯನ್ನು ಅವಳ ಅಂಗೈಗೆ ಇಟ್ಟಳು. ರಮ್ಯಾ ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಮುಖ ಅರಳಿತು.

"ಇದ್ರಲ್ಲಿ ಮಣ್ಣಿನ ವಾಸ್ನೆ ಎಲ್ಲೈತೆ ಅತ್ತೆ? ಇದು ನಿಮ್ ವಾಸ್ನೆ!"

ಶಿವಲಿಂಗಮ್ಮ ಕಂಬ ಹಿಡಿದುಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಿಲ್ಲ, ಅವ್ವಾ ಎಂದು ಒಂದೇ ಸಮನೆ, ಬೀದಿಗೆ ಕೇಳುವ ಹಾಗೆ ಅತ್ತಳು. ರಮ್ಯಾ ಗಾಬರಿಯಾಗಿ, "ಮಾವಾ, ಬನ್ನಿ, ಅತ್ತೆ ಯಾಕೋ ಅಳ್ತಾವ್ರೆ!" ಎಂದು ಕೂಗಿದಳು.

ಹಾಲಿನ ಕ್ಯಾನು ಹಿಡಿದು ಹೊರಟಿದ್ದ ರಾಮಲಿಂಗಯ್ಯ ಬಾಗಿಲಲ್ಲೇ ನಿಂತ. ಹೆಂಡತಿಯನ್ನು ನೋಡಿದ, ಸೊಸೆಯ ಕೈಲಿದ್ದ ಉಂಡೆಯನ್ನು ನೋಡಿದ.

"ಅಳ್ಲಿ ಬುಡವ್ವ," ಎಂದ. "ಅಶ್ವಥ್ ಎದೆಹಾಲು ಬುಟ್ಟು ಬಾಳ ವರ್ಸ ಆಯ್ತು."