ಅಂಗಡಿ ಅಕ್ಕ ಕೊಡದ ಲೋಷನ್

ಮಗಳು ಮೊನ್ನೆ ಮುಲುಂಡ್ ಸ್ಟೇಷನ್ ಹತ್ತಿರದ ಮೆಡಿಕಲ್‌ನಿಂದ ಹೊಸ ಲೋಷನ್ ತಂದಳು. ಆಫೀಸಿನ ಏಸಿಗೆ ಅವಳ ಕೈ ಒಣಗಿ ಬಿರಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಗುಲಾಬಿ ಬೆರೆತ ಗ್ಲಿಸರಿನ್ ವಾಸನೆ ಅಡುಗೆಮನೆಯವರೆಗೂ ಬಂತು. ಹಿಟ್ಟು ಕಲಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಇಪ್ಪತ್ತೈದು ವರ್ಷಗಳಿಂದ ಆ ಪರಿಮಳದ ಯಾವ ಬಾಟಲಿಯನ್ನೂ ನಾನು ಮನೆಯೊಳಗೆ ತಂದಿರಲಿಲ್ಲ...

ಆಗ ನಾವು ಚೆಂಬೂರಿನಲ್ಲಿದ್ದೆವು. ನಾನು ಮದುವೆಯಾಗಿ ಮೈಸೂರಿನಿಂದ ಬಂದು ವರ್ಷ ತುಂಬಿರಲಿಲ್ಲ. ಗಂಡ ಫೋರ್ಟಿನ ಬ್ಯಾಂಕಿಗೆ ಹೊರಟುಹೋದರೆ ಮನೆಯಲ್ಲಿ ನಾನು ಮತ್ತು ಅತ್ತೆ. ಬಿಲ್ಡಿಂಗಿನ ಕೆಳಗೆ ಬಳೆ, ಬಿಂದಿ, ಪೌಡರು, ಲೋಷನ್ ಮಾರುವ ಪುಟ್ಟ ಅಂಗಡಿಯೊಂದಿತ್ತು. ನಡೆಸುತ್ತಿದ್ದವರು ಉಡುಪಿ ಕಡೆಯ, ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಎಲ್ಲರಿಗೂ ಅವರು ಅಂಗಡಿ ಅಕ್ಕ. ಎಡಗೈ ಸದಾ ಸೆರಗಿನೊಳಗೇ ಇರುತ್ತಿತ್ತು. ಅದು ಅವರ ಅಭ್ಯಾಸವಿರಬೇಕು ಎಂದುಕೊಂಡಿದ್ದೆ.

ಕನ್ನಡ ಕೇಳುವ ಆಸೆಗೇ ನಾನು ಕೆಳಗಿಳಿಯುತ್ತಿದ್ದೆ. ಲೋಷನ್ ಕೇಳಿದವರಿಗೆ ಅವರು ತಕ್ಷಣ ಕೊಡುತ್ತಿರಲಿಲ್ಲ. ಮಣಿಕಟ್ಟಿನ ಒಳಮೈಗೆ ಒಂದು ಹನಿ ಹಚ್ಚಿ, ನಾಳೆ ಬನ್ನಿ ಎನ್ನುವರು. “ಪರಿಮಳ ನೋಡಿ ತೆಕ್ಕೊಳ್ಳುದಲ್ಲ ಮಾರಾಯ್ರೆ. ಹಚ್ಚಿಕೊಳ್ಳುದು ಮೂಗಿಗಾ, ಚರ್ಮಕ್ಕಾ?” ಎಂದು ನಗುವರು.

ಆ ಚಳಿಗಾಲದಲ್ಲಿ ನನ್ನ ಮೊಣಕೈ ಕೆಳಗೆ ಬಿಳಿಚಿದ, ಒಣಗಿದ ಮಚ್ಚೆಯೊಂದು ಕಾಣಿಸಿತು. ಕೊಬ್ಬರಿ ಎಣ್ಣೆಗೆ ಹೋಗಲಿಲ್ಲ. ಗುಲಾಬಿ ಲೋಷನ್ ಬೇಕು ಎಂದು ಹೋಗಿ ತೋಳು ತೋರಿಸಿದೆ. ಅಕ್ಕ ಬಾಟಲಿಗೆ ಚಾಚಿದ್ದ ಕೈಯನ್ನು ಹಿಂತೆಗೆದರು. ಹತ್ತಿಯ ಎಳೆಯೊಂದನ್ನು ಹೊಸೆದು, “ಕಣ್ಣು ಮುಚ್ಚಿ. ಮುಟ್ಟಿದಾಗ ಹೇಳಿ” ಎಂದರು.

ನಾನು ಕಾಯುತ್ತಲೇ ನಿಂತೆ. “ಇನ್ನೂ ಮುಟ್ಲಿಲ್ವಾ ಅಕ್ಕ?”

ಕಣ್ಣು ತೆರೆದರೆ ಎಳೆ ನನ್ನ ಮಚ್ಚೆಯ ಮೇಲೇ ಇತ್ತು.

“ಇದಕ್ಕೆ ಲೋಷನ್ ಬೇಡ. ನಾಳೆಯೇ ಚರ್ಮದ ಡಾಕ್ಟರ ಹತ್ರ ಹೋಗಿ. ಹೆದರ್ಬೇಡಿ, ಮಾತ್ರೆ ಉಂಟು, ಪೂರ್ತಿ ಗುಣ ಆಗ್ತದೆ.”

“ನಿಮಗೆ ಹೇಗೆ ಗೊತ್ತು?”

ಅಕ್ಕ ಬೀದಿಯತ್ತ ಒಮ್ಮೆ ನೋಡಿ ಸೆರಗಿನಿಂದ ಎಡಗೈ ಹೊರತೆಗೆದರು. ಕೊನೆಯ ಎರಡು ಬೆರಳು ಮಡಚಿಕೊಂಡಿದ್ದವು. “ಗುಣ ಆಗಿ ಎಷ್ಟೋ ವರ್ಷ ಆಯ್ತು. ನಂಗೆ ಹೇಳುವವರು ಯಾರೂ ಇರ್ಲಿಲ್ಲ, ತಡ ಆಯ್ತು. ನಿಮ್ಗೆ ತಡ ಆಗ್ಲಿಲ್ಲ.”

ಡಾಕ್ಟರು ಹೇಳಿದ್ದೂ ಅದನ್ನೇ. ಕುಷ್ಠದ ಆರಂಭ, ಆರು ತಿಂಗಳು ಮಾತ್ರೆ ಬಿಡದೆ ನುಂಗಿದರೆ ಸಾಕು. ಗುಣವಾದವರಿಂದ ಯಾರಿಗೂ ಹರಡದು ಎಂಬುದನ್ನೂ ಬಿಡಿಸಿ ಹೇಳಿದರು. ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ. ಅದನ್ನೇ ಈಗ ಮರೆಯಲಾಗುವುದಿಲ್ಲ.

ಮೂರನೆಯ ತಿಂಗಳು ಮಾತ್ರೆಯ ಪಟ್ಟಿ ಅತ್ತೆಯ ಕೈಗೆ ಸಿಕ್ಕಿತು. ಯಾವುದಕ್ಕೆಂದು ಯಾರಲ್ಲೋ ಕೇಳಿ ತಿಳಿದುಕೊಂಡು ಬಂದು, “ಇದನ್ನ ನಿನ್ ತೌರಿಂದ ತಂದ್ಯಾ?” ಎಂದರು. ಅವರ ಧ್ವನಿಯಲ್ಲಿ ಮೈಸೂರಿನ ರೈಲಿನ ಟಿಕೇಟೇ ಕಾಣಿಸಿತು ನನಗೆ. ಮದುವೆಯಾಗದ ಇಬ್ಬರು ತಂಗಿಯರು ಕಣ್ಣ ಮುಂದೆ ಬಂದರು.

“ಇಲ್ಲ ಅತ್ತೆ... ಅಂಗಡಿ ಅಕ್ಕನಿಂದ ಬಂದಿರ್ಬೇಕು. ಅವ್ರಿಗೂ ಇದೇ ಇತ್ತಂತೆ.”

ಅಷ್ಟೇ ಹೇಳಿದ್ದು. ಅತ್ತೆ ಬಿಲ್ಡಿಂಗಿನಲ್ಲಿ ನನ್ನ ಸುದ್ದಿ ಎತ್ತಲಿಲ್ಲ, ಅಕ್ಕನ ಸುದ್ದಿ ಮಾತ್ರ ಎತ್ತಿದರು. ವಾರದೊಳಗೆ ಹೆಂಗಸರು ಅಂಗಡಿಯ ಮುಂದೆ ನಿಲ್ಲುವುದು ತಪ್ಪಿತು. ಲೋಷನ್ ಹಚ್ಚಿಸಿಕೊಳ್ಳಲು ಯಾರೂ ಕೈ ಚಾಚಲಿಲ್ಲ. ಅಂಗಡಿ ಖಾಲಿ ಮಾಡಿ ಎಂದು ಮಾಲೀಕರಿಂದಲೂ ಹೇಳಿಸಿದರು. ಡಾಕ್ಟರ ಮಾತನ್ನು ನಾನು ಯಾರಿಗಾದರೂ ಒಬ್ಬರಿಗೆ ಹೇಳಬಹುದಿತ್ತು. ಹೇಳಿದರೆ ಡಾಕ್ಟರ ಹತ್ತಿರ ನಾನೇಕೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು...

ಅವರು ಹೊರಟ ಬೆಳಿಗ್ಗೆ ಟೆಂಪೋಗೆ ಗಾಜಿನ ಕಪಾಟು ಏರುತ್ತಿತ್ತು. ಹಾಲು ತರಲು ಇಳಿದಿದ್ದ ನಾನು ಮೆಟ್ಟಿಲಲ್ಲೇ ನಿಂತೆ. ಅವರು ನನ್ನನ್ನು ನೋಡಿ ಹತ್ತಿರ ಬಂದರು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿದೆ.

“ಮಾತ್ರೆ ಬಿಡ್ಲಿಲ್ಲ ಅಲ್ವಾ?” ಎಂದರು ಮೆಲ್ಲಗೆ.

ಇಲ್ಲ ಎಂದು ತಲೆಯಾಡಿಸಿದೆ. ಅವರು ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಹೊರಟುಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನನ್ನ ಮಚ್ಚೆ ಗುರುತೂ ಇಲ್ಲದಂತೆ ಮಾಯವಾಯಿತು. ಇಂದಿಗೂ ಬಸ್ಸಿನಲ್ಲೋ ಲೋಕಲ್‌ನಲ್ಲೋ ಸೆರಗಿನೊಳಗೆ ಕೈಯಿಟ್ಟು ಕೂತ ಹೆಂಗಸನ್ನು ಕಂಡರೆ ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ.

ಮೊನ್ನೆ ಹಿಟ್ಟಿನ ಕೈಯಲ್ಲೇ ಕೂತು ಮಗಳಿಗೆ ಇದೆಲ್ಲ ಹೇಳಿದೆ. ಗಂಡನಿಗೂ ಹೇಳಿರದ ಮಾತು. ಅವಳು ಲೋಷನ್ ಬಾಟಲಿಯ ಮುಚ್ಚಳ ಹಾಕಿ, ಫೋನ್ ಎತ್ತಿಕೊಂಡು ತನ್ನ ತಡವರಿಸುವ ಕನ್ನಡದಲ್ಲಿ, “ಅಮ್ಮಾ, ಹುಡುಕೋಣ. ಉಡುಪಿ ಕಡೆಯವರು ಯಾರಾದ್ರೂ ಪೆಹಚಾನ್... ಗುರುತು ಹಿಡೀತಾರೆ. ಅವ್ರ ನೇಮ್ ಏನು?” ಎಂದಳು.

ಬಾಯಿ ತೆರೆದೆ. ಅಕ್ಕ ಎಂಬುದರ ಆಚೆಗೆ ಏನೂ ಬರಲಿಲ್ಲ. ಅವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.