ಗಿಟಾರದವನ ಕಾಲು

ಅವನ ಕಾಲು ನನಗೆ ಮೊದಲ ದಿನದಿಂದಲೇ ಸೇರಲಿಲ್ಲ. ಕೈಯ ಬಗ್ಗೆ ನನ್ನ ತಕರಾರಿರಲಿಲ್ಲ. ಗಿಟಾರು ಬಾರಿಸುವವನಿಗೆ ಕೈ ಬೇಕು, ಸರಿ. ಕಾಲಿಗೇನು ಕೆಲಸ ಅಲ್ಲಿ? ನಾನು ಮೊದಲೇ ಸಂಶಯದ ಹೆಂಗಸು. ಹಾಲಿನವನು ಸುಮ್ಮನೆ ನಕ್ಕರೂ ಇವತ್ತು ನೀರು ಜಾಸ್ತಿ ಹಾಕಿದ್ದಾನೆ ಎಂದುಕೊಳ್ಳುವವಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹಳ್ಳಿ ನಾಟಕಗಳಲ್ಲಿ ನಾಯಕಿಯ ಪಾರ್ಟು ಮಾಡುತ್ತಿದ್ದೆ. ನಮ್ಮ ಕಡೆ ಸುಗ್ಗಿಯ ಕೆಲಸ ಮುಗಿಯಿತೆಂದರೆ ಊರೂರಲ್ಲಿ ಹುಡುಗರು ಸೇರಿ ನಾಟಕ ಕಲಿಯುತ್ತಾರೆ. ಗಂಡು ಪಾರ್ಟುಗಳೆಲ್ಲ ಅವರವೇ. ಹೆಣ್ಣು ಪಾರ್ಟಿಗೆ ನಮ್ಮಂಥವರು ಬೇಕು. ಊರಿನ ಹಿರಿಯರು ಎಲೆ ಅಡಿಕೆ ಹಿಡಿದು ಬರುತ್ತಾರೆ, ಒಂದು ಹಾಡು ಹಾಡಿಸಿ ಕೇಳುತ್ತಾರೆ, ಮನಸ್ಸಿಗೆ ಬಂದರೆ ಆ ವೀಳ್ಯವನ್ನು ಕೈಗೆ ಕೊಡುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆಯಿಂದ ನನಗೆ ವೀಳ್ಯ ಬರುತ್ತಿದ್ದದ್ದು ರೂಪಕ್ಕಲ್ಲ, ದನಿಗೆ. ಕರಿ ನಾಲ್ಕರಲ್ಲಿ ಹಾಡುವವಳು ಎಂದು ನನ್ನ ಹೆಸರು. ಹಾರ್ಮೋನಿಯಮ್ಮಿನ ಪಟ್ಟಿಗಳಿಗೆ ನಾವು ಮನೆ ಎನ್ನುವುದು. ನಾಲ್ಕನೆಯ ಕರಿ ಮನೆಯಿಂದ ಶ್ರುತಿ ಹಿಡಿದು ಹಾಡುವುದು ಎಂದರೆ ಅದು ಎಲ್ಲರ ಗಂಟಲಿಗೆ ಎಟಕುವ ಎತ್ತರವಲ್ಲ. ಒಂದು ಮನೆ ಕೆಳಗಿಳಿದು ಹಾಡಿದರೂ ಸಾಕು, ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ: "ಅಕಿ ದನಿ ಹೋತಂತ." ಆಮೇಲೆ ಬರುವ ವೀಳ್ಯವೆಲ್ಲ ತಾಯಿ ಪಾರ್ಟಿನದು, ಅತ್ತೆ ಪಾರ್ಟಿನದು. ಹಾಗಾಗಿ ಹಾಡು ಶುರುವಾಗುವ ಮುಂಚೆ ಹಾರ್ಮೋನಿಯಂ ಮಾಸ್ತರರ ಬೆರಳು ಯಾವ ಮನೆಯ ಮೇಲಿದೆ ಎಂದು ನಾನು ಪ್ರತಿ ಸಲ ಬಗ್ಗಿ ನೋಡುತ್ತಿದ್ದೆ. ಕಳ್ಳತನದಿಂದ ಶ್ರುತಿ ಇಳಿಸಿಬಿಟ್ಟರೆ?

ಗಿಟಾರದವನು ಬರುವ ಹಿಂದಿನ ವರ್ಷ ಯಲಬುರ್ಗಾ ಕಡೆಯ ಒಂದು ನಾಟಕದಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಸ್ವಲ್ಪ ಕೈಕೊಟ್ಟಿತ್ತು. ಸಂಜೆ ತಿಂದ ಮಿರ್ಚಿ ಭಜಿಯ ಎಣ್ಣೆಯದೇ ಕೆಲಸ ಎಂದು ಅದನ್ನು ಮಾಡಿದವಳಿಗೆ ಬಾಯಿಗೆ ಬಂದಂತೆ ಬೈದೆ. ಎದುರಿಗೆ ಕೂತಿದ್ದ ಪೆಟಗಿ ಮಾಸ್ತರರು ಬೀಡಿ ಹಚ್ಚಿಕೊಂಡರು. ನಾವು ಹಾರ್ಮೋನಿಯಂ ನುಡಿಸುವವರನ್ನು ಪೆಟಗಿ ಮಾಸ್ತರ ಅಂತಲೇ ಕರೆಯುವುದು. ವಯಸ್ಸಾದ ಮನುಷ್ಯ, ಬೀಡಿ ಸೇದುತ್ತ ಎಲ್ಲವನ್ನೂ ಕೇಳಿಸಿಕೊಂಡು ಯಾವುದಕ್ಕೂ ಉತ್ತರ ಕೊಡದ ಸ್ವಭಾವ. ಮುಂದಿನ ಸುಗ್ಗಿಗೆ ಅವರೇ ಈ ಗಿಟಾರದವನನ್ನು ಹುಲಿಹೈದರದ ನಾಟಕಕ್ಕೆ ಕರೆದುಕೊಂಡು ಬಂದರು.

ಅವನಿಗೆ ಗಂಗಾವತಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಹಣಿಗೆ, ತಲೆಗೆ ಘಮಘಮ ಎಣ್ಣೆ. ಅವನ ಗಿಟಾರು ಎದೆಗೆ ಆನಿಸಿ ಹಿಡಿಯುವಂಥದಲ್ಲ. ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ಅಡ್ಡ ಮಲಗಿರುತ್ತಿತ್ತು. ಎಡಗೈಯಲ್ಲಿ ಬೆರಳುದ್ದದ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದ. ಅಷ್ಟೇ ಆಗಿದ್ದರೆ ನನಗೇನು? ಕೆಳಗೆ ಒಂದು ಪೆಡಲು ಇತ್ತು, ಹಳೇ ನಾಟಕ ಕಂಪನಿಯ ಮುರಿದ ಕಾಲುಪೆಟಗಿಯಿಂದ, ಅಂದರೆ ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಮ್ಮಿನಿಂದ, ಬಿಚ್ಚಿದ್ದು. ಅದರಿಂದ ಸೈಕಲ್ಲಿನ ಬ್ರೇಕ್ ವೈರು ಮೇಲಕ್ಕೆ ಹೋಗಿ ಗಿಟಾರಿನ ಒಂದು ತಂತಿಗೆ ಸಿಕ್ಕಿಕೊಂಡಿತ್ತು. ಒತ್ತಿದರೆ ಆ ತಂತಿ ಬಿಗಿಯಾಗಿ ಸ್ವರ ಮೇಲಕ್ಕೇರುತ್ತಿತ್ತು. ಚಪ್ಪಲಿ ಬಿಟ್ಟು ಬರಿಗಾಲಿನಿಂದ ಒತ್ತುತ್ತಿದ್ದ. ಕಾಲಿನ ಮೇಲೆ ಒಂದು ಟವೆಲ್ಲು ಬೇರೆ. ಯಾಕಪ್ಪ ಟವೆಲ್ಲು? ಮುಚ್ಚಿಡುವಂಥದ್ದೇನಿದೆ?

ಆದರೆ ನುಡಿಸಿದ ಅನ್ನಿ, ಅದರಲ್ಲಿ ಸುಳ್ಳು ಹೇಳಲಾರೆ. ನಾಟಕಕ್ಕೆ ಮುಂಚೆ ಜನ ಸೇರಲಿ ಎಂದು ಒಂದಿಷ್ಟು ಒಬ್ಬನೇ ನುಡಿಸಿದ. ನಮ್ಮ ತಬಲಾದವನು ಯಾರನ್ನೂ ಹೊಗಳಿದವನಲ್ಲ, ಎಲ್ಲರ ಕಾಲೆಳೆಯುವುದೇ ಅವನ ಕಸುಬು. ಅವನು ಬಾಯಿ ತೆರೆದು ಕೂತು ತಾಳ ತಪ್ಪಿದ. ತಪ್ಪಿದ್ದಕ್ಕೆ ನಾಚಿಕೆಯೂ ಪಡದೆ, "ಯಪ್ಪಾ, ಅಂವ ತಂತಿ ಬಾರಿಸಾಕತ್ತಿಲ್ಲರಿ, ಮಾತಾಡಸಾಕತ್ಯಾನ" ಎಂದ. ಪೆಟಗಿ ಮಾಸ್ತರರು ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಇಷ್ಟು ವರ್ಷ ಅವರ ಮುಂದೆ ನಿಂತು ಹಾಡಿದ್ದೇನೆ, ಒಂದು ದಿನ ಕಣ್ಣು ಮುಚ್ಚಿದ ಮನುಷ್ಯನಲ್ಲ.

ಸುದ್ದಿ ಹಬ್ಬಿತು. ಬೇರೆ ಮೇಳಗಳ ಕ್ಲಾರಿಯೊನೆಟ್‌ನವರು, ಪೆಟಗಿಯವರು ಬಸ್ಸು ಹತ್ತಿ ಅವನನ್ನು ಕೇಳಲು ಬರತೊಡಗಿದರು. ಪರದೆಯ ಪಕ್ಕ ಕೂತು ಆ ಟವೆಲ್ಲಿನ ಕೆಳಗೆ ಇಣುಕುತ್ತಿದ್ದರು. ಒಬ್ಬರಂತೂ ಅವನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ಕೈ ಬಿಡ್ರಿ, ಕಾಲ ನೋಡ್ರಿ ಕಾಲ! ಎಂಥಾ ಹದಾ ಅಂತೀನಿ!" ಎಂದು ಪಿಸುಗುಟ್ಟುತ್ತಿದ್ದರು. ನಾನು ಹತ್ತಿರ ಹೋದರೆ ಗಪ್. ಚಹಾ ಬಸಿ ಕೈಯಲ್ಲಿ ಹಿಡಿದು ಆಕಾಶ ನೋಡುವವರೇ ಎಲ್ಲ. ಮಾತಾಡುತ್ತಿದ್ದವರು ನನ್ನನ್ನು ಕಂಡು ಬಾಯಿ ಮುಚ್ಚಿದರೆಂದರೆ ಆ ಮಾತು ನನ್ನದೇ ಅಲ್ಲವೇ?

ನಾನೂ ಬಿಡಲಿಲ್ಲ. ಹಾಡುತ್ತಲೇ ಓರೆಗಣ್ಣಿನಿಂದ ಟವೆಲ್ಲಿನ ಅಂಚಿನಲ್ಲಿ ಕಾಣುವ ಅವನ ಕಾಲನ್ನು ಕಾಯತೊಡಗಿದೆ. ಒಂದೆರಡು ನಾಟಕಗಳಲ್ಲಿ ವಿಷಯ ಕೈಗೆ ಸಿಕ್ಕಿತು. ನನ್ನ ಜೊತೆ ಗೆಳತಿಯ ಪಾರ್ಟು ಮಾಡುತ್ತಿದ್ದ ಯಲಬುರ್ಗಾದ ಹುಡುಗಿ ಹಾಡುವಾಗ ಅವನ ಕಾಲು ಚಪ್ಪಲಿಯೊಳಗೆ ಹಾಯಾಗಿ ಕೂತಿರುತ್ತಿತ್ತು. ನಾನು ಹಾಡಲು ನಿಂತರೆ ಮಾತ್ರ ಚಪ್ಪಲಿ ಬಿಟ್ಟು ಪೆಡಲಿನ ಮೇಲೆ ಬರುತ್ತಿತ್ತು. ಅದೂ ಹಾಡಿನ ಉದ್ದಕ್ಕಲ್ಲ. ನಾನು ಮೇಲಿನ ಸ್ವರಕ್ಕೆ ಏರುವ ಜಾಗದಲ್ಲೇ, ಒಂದೇ ಒಂದು ಸಲ, ಮೆಲ್ಲಗೆ ಒತ್ತುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ತಬಲಾದವನು, ಮಾಸ್ತರರು, ಬಂದು ಕೂತ ವಾದ್ಯದವರು, ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ! ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದದ್ದೂ ಅಲ್ಲಿಯೇ. ಅಂದರೆ ನನ್ನ ಒನ್ಸ್ ಮೋರನ್ನು ಇವನು ಕಾಲಿನಿಂದ ಎಳೆದುಕೊಳ್ಳುತ್ತಿದ್ದಾನೆ. ಇನ್ನೊಂದು ಯೋಚನೆ ಅದಕ್ಕಿಂತ ಕೆಟ್ಟದ್ದು: ನನ್ನ ಸ್ವರ ಕೆಡಿಸಿ, ನಾಯಕಿಯ ಪಾರ್ಟನ್ನು ಆ ಹುಡುಗಿಗೆ ಕೊಡಿಸುವ ಹುನ್ನಾರ.

ನೇರವಾಗಿ ಕೇಳಿದೆ. "ಏನ್ರಿ, ನನ್ನ ಹಾಡಿಗಷ್ಟ ನಿಮ್ಮ ಕಾಲು ಎಚ್ಚರಾಗತೈತೇನು?"

ಅವನು ಹಣಿಗೆ ತೆಗೆದು ತಲೆ ಬಾಚಿಕೊಂಡ. "ವೈರ್ ಜಂಗ್ ಹಿಡದೈತ್ರಿ ಅಕ್ಕಾರ. ಆಗಾಗ ಒತ್ತಿ ನೋಡತೀನಿ."

ಜಂಗಂತೆ, ತುಕ್ಕಂತೆ! ಹೊಸ ವೈರು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸುಳ್ಳು ಹೇಳುವವನು ಸ್ವಲ್ಪ ತಲೆ ಓಡಿಸಬಾರದೇ? ತಬಲಾದವನು ಕೆಮ್ಮಿದ. ಆ ಕೆಮ್ಮಿನ ಮೇಲೂ ನನಗೆ ಸಂಶಯ ಬಂತು.

ಈ ಸಂಶಯ ಬಗೆಹರಿದದ್ದು ಅಳವಂಡಿಯಲ್ಲಿ. ಭಾನುವಾರ ಮಧ್ಯಾಹ್ನ, ಸಾಲೆಯ ಕೋಣೆಯಲ್ಲಿ ನಮ್ಮ ತಾಲೀಮು ನಡೆದಿತ್ತು, ಯಲಬುರ್ಗಾದ ಹುಡುಗಿಯೂ ಇದ್ದಳು. ಕುಷ್ಟಗಿ ಕಡೆಯ ಒಂದು ದೊಡ್ಡ ಊರಿನ ಹಿರಿಯರು ವೀಳ್ಯ ಹಿಡಿದು ಅಲ್ಲಿಗೇ ಬಂದರು. ಆ ಊರಿನ ನಾಟಕ ಎಂದರೆ ಸುತ್ತಲಿನ ಹಳ್ಳಿಗಳೆಲ್ಲ ಬಂದು ಕೂರುತ್ತವೆ. ಅಲ್ಲಿ ನಾಯಕಿಯಾದವಳಿಗೆ ಮುಂದಿನ ಸುಗ್ಗಿಯವರೆಗೆ ವೀಳ್ಯಕ್ಕೆ ಕೊರತೆಯಿಲ್ಲ. ಹಿರಿಯರು ಚಾಪೆಯ ಮೇಲೆ ಕೂತು, "ಒಂದು ಹಾಡು ಆಗಲಿ ನೋಡ್ರಿ" ಎಂದರು. ಇವತ್ತು ತೋರಿಸುತ್ತೇನೆ, ಇದು ಯಾರ ದನಿ ಎಂದು ಎಲ್ಲರಿಗೂ ಗೊತ್ತಾಗಲಿ ಎಂದುಕೊಂಡೆ.

ಅವನು ಚಪ್ಪಲಿ ಬಿಟ್ಟಿದ್ದನ್ನು ನೋಡಿದೆ. ಹೋಗಿ ಆ ಟವೆಲ್ಲನ್ನು ಕಿತ್ತು ಅವನ ತೊಡೆಯ ಮೇಲೆ ಒಗೆದೆ.

"ಕಾಲು ತಗೀರಿ. ಈ ಹಾಡಿಗೆ ನಿಮ್ಮ ಕಾಲು ಬೇಕಾಗಿಲ್ಲ."

"ಬ್ಯಾಡ ತಂಗೆವ್ವ," ಎಂದರು ಮಾಸ್ತರರು. ಯಾವುದಕ್ಕೂ ಬಾಯಿ ಬಿಡದ ಮನುಷ್ಯ!

"ಯಾಕ ಬ್ಯಾಡ? ನೀವೂ ಅವನ ಕಡಿಗೇ ಏನು?"

ಗಿಟಾರದವನು ನನ್ನ ಮುಖ ನೋಡಿದ. ಉಕ್ಕಿನ ತುಂಡನ್ನು ಕೆಳಗಿಟ್ಟು ಕಾಲನ್ನು ಚಪ್ಪಲಿಯೊಳಗೆ ಇಟ್ಟ. ಮಾಸ್ತರರ ಬೆರಳು ಕರಿ ನಾಲ್ಕರ ಮೇಲಿದೆಯೇ ಎಂದು ಬಗ್ಗಿ ನೋಡಿ ನಾನು ಹಾಡು ಎತ್ತಿಕೊಂಡೆ. ಛಲೋ ನಡೆಯಿತು. ಹಿರಿಯರು ತಲೆ ತೂಗಿದರು. ಮೇಲಿನ ಸ್ವರದ ಜಾಗ ಬಂತು. ಎದೆ ತುಂಬ ಉಸಿರು ಎಳೆದುಕೊಂಡು ಏರಿದೆ. ದನಿ ಏರಿತು, ಏರಿತು, ಆ ಸ್ವರಕ್ಕೆ ಇನ್ನು ಚೂರೇ ಚೂರು ಉಳಿದಿರುವಾಗ ನಿಂತಿತು. ತಳ್ಳಿದೆ. ಹೋಗಲಿಲ್ಲ. ಸ್ವರದ ಕೆಳಗೆ ಬೇಸೂರಾಗಿ, ಒಡೆದ ಕೊಡದ ಹಾಗೆ ದನಿ ಬಡಿದುಕೊಂಡಿತು. ಕೋಣೆಯೊಳಗೆ ಅದು ಒಂದೇ ಕೇಳುತ್ತಿತ್ತು. ಅಯ್ಯೋ, ಇದು ನನ್ನ ದನಿಯೇ?

ಹಾಡು ಅಲ್ಲಿಗೇ ನಿಂತಿತು. ತಬಲಾದವನು ತಬಲಾದ ಮೇಲೆ ಅಂಗೈ ಇಟ್ಟು ಕೂತ. ಹಿರಿಯರು ಮುಖ ಮುಖ ನೋಡಿಕೊಂಡರು. ಆಗ ಗಿಟಾರದವನು ಎದ್ದು ಅವರಿಗೆ ಕೈ ಮುಗಿದ.

"ತಪ್ಪು ನಂದರಿ ಯಜಮಾನ್ರ. ನನ್ನ ತಂತಿ ಇಳದಿತ್ತು. ಅಕ್ಕಾರು ಅದನ್ನ ಹಿಡದು ಕೆಳಗ ಬಂದಬಿಟ್ರು."

ಹಿರಿಯರಲ್ಲಿ ದೊಡ್ಡವರು ರೇಗಿದರು. "ಹಂಗಾದ್ರ ಈ ತಂತಿಯವ ಬ್ಯಾಡ. ಹಾಡೋರನ್ನ ಕೆಡಸಾಂವ ಯಾಕ ಬೇಕು? ಪೆಟಗಿ, ತಬಲಾ ಸಾಕು. ತಗೋರಿ ಅಕ್ಕಾರ, ವೀಳ್ಯ ತಗೋರಿ." ಎಲೆ ಅಡಿಕೆಯನ್ನು ನನ್ನ ಕಡೆ ಚಾಚಿದರು.

ನಾನು ಕೈ ಚಾಚಲಿಲ್ಲ. ಅವನ ಗಿಟಾರನ್ನು ನೋಡಿದೆ. ಕಾಲು ತೆಗೆದ ಮೇಲೆ ಅವನು ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಬಾರಿಸದ ತಂತಿಯನ್ನು ಹಿಡಿದು ನಾನು ಹೇಗೆ ಕೆಳಗೆ ಬರಲಿ? ಮೊದಲ ಸಲ ಅವನ ಸುಳ್ಳು ನನ್ನ ಕಡೆಯ ಸುಳ್ಳಾಗಿ ಕಂಡಿತು.

ಮಾಸ್ತರರು ಪೆಟಗಿಯ ಮೇಲೆ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ, "ಸುಮ್ನ ತಗೊ" ಎಂದರು.

"ಯಾವಾಗಿಂದ ಹಿಂಗ?" ಎಂದೆ.

"ಯಲಬುರ್ಗಾದ ನಾಟಕದಿಂದ. ಮಿರ್ಚಿ ಅಲ್ಲವ್ವ ಅದು. ನಾನ ಇವಂಗ ಹೇಳಿ ಆ ಪೆಡಲು ಮಾಡಿಸೀನಿ. ನಿನ್ನ ದನಿ ಎಲ್ಲಿ ನಿಂದರತೈತಿ, ಅಲ್ಲಿಂದ ತಂತಿ ಎತ್ತಿಕೊಂಡು ಹೋಗತೈತಿ. ಉಕ್ಕು ಜಾರಿಸಿದ್ರ ಗಿಟಾರ ಅಂತ ಗೊತ್ತಾಗತೈತಿ. ಕಾಲಲೆ ಎಳದ್ರ ಮಂದಿ ನಿನ್ನ ದನೀನ ಅಂತಾರ. ನೀನೂ ಹಂಗ ಅನಕೊಂಡಿ."

ಅದಕ್ಕೇ ಆ ವಾದ್ಯದವರೆಲ್ಲ ಬಂದು ಅವನ ಕಾಲು ನೋಡುತ್ತಿದ್ದದ್ದು. ಅದಕ್ಕೇ ಪಾದ ಮುಟ್ಟಿದ್ದು. ಒಬ್ಬಳ ದನಿಯ ಒಳಗೆ ಹೋಗಿ ಅವಳಿಗೂ ಗೊತ್ತಾಗದ ಹಾಗೆ ಅದನ್ನು ಎತ್ತಿ ಹಿಡಿಯುವ ಇನ್ನೊಬ್ಬ ಈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ನನಗೆ ಸಮಾಧಾನ ಆಯಿತೆಂದು ತಿಳಿಯಬೇಡಿ. ಮೈಯೆಲ್ಲ ಉರಿದುಹೋಯಿತು. ಕೊಪ್ಪಳದಿಂದ ಕುಷ್ಟಗಿಯವರೆಗೆ ವಾದ್ಯ ಮುಟ್ಟುವವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ!

"ನನಗ ಹೇಳಬಾರದಾಗಿತ್ತೇನು?"

"ಹೇಳಿದ್ರ ಮಾಸ್ತರನ್ನ ಬದಲಾಯಿಸ್ತಿದ್ದಿ," ಎಂದರು. ಅದು ನಿಜವಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಹಿರಿಯರ ಕೈ ಇನ್ನೂ ಚಾಚಿಯೇ ಇತ್ತು. ಅವನು ಆಗಲೇ ಗಿಟಾರಿನ ಕಾಲು ಬಿಚ್ಚಿ ಮಡಚಲು ಬಗ್ಗಿದ್ದ. ನಾನು ವೀಳ್ಯ ತೆಗೆದುಕೊಂಡರೆ ಅವನು ಮನೆಗೆ ಹೋಗಬೇಕು. ಅವನಿಲ್ಲದೆ ಅಷ್ಟು ಹಳ್ಳಿಗಳ ಮಂದಿಯ ಮುಂದೆ ನಾನು ಏರಬೇಕು. ಈ ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು ಬೇಕು. ಸಾಕಾಗಿಹೋಯಿತು ನನಗೆ.

"ತಂತಿ ಇಳದಿಲ್ಲರಿ," ಎಂದೆ ಹಿರಿಯರಿಗೆ. "ಇಳದದ್ದು ನನ್ನ ದನಿ. ಅಂವ ಇಷ್ಟು ದಿನಾ ಎತ್ತಿ ಹಿಡಕೊಂಡು ಬಂದಾನ. ಅಂವ ಇರಲಿ. ನನಗ ಯಾವ ಪಾರ್ಟು ಕೊಡತೀರೋ ನೋಡ್ರಿ."

ಅವರು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಮಾತಾಡಿಕೊಂಡು ಬಂದರು. ಯಲಬುರ್ಗಾದ ಹುಡುಗಿಯಿಂದ ಒಂದು ಹಾಡು ಹಾಡಿಸಿ ಕೇಳಿ, ನಾಯಕಿಯ ವೀಳ್ಯವನ್ನು ಅವಳಿಗೆ ಚಾಚಿದರು. ಅವಳು ತೆಗೆದುಕೊಳ್ಳಲು ಹೆದರಿ ನನ್ನ ಮುಖ ನೋಡಿದಳು. "ತಗೋಳವ್ವ, ಏನ ನೋಡ್ತಿ? ನಾಳೆ ನಿನಗೂ ಬರತೈತಿ ಇದು," ಎಂದೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತಲ್ಲ. ತಾಯಿ ಪಾರ್ಟಿನ ವೀಳ್ಯ ನನ್ನ ಕೈಗೆ ಬಂತು. ಎಲೆ ಅವೇ, ಅಡಿಕೆ ಅದೇ.

"ತಾಯಿಗೆ ಹಾಡು ಐತಿಲ್ಲೋ?" ಎಂದು ಕೇಳಿದೆ. ಒಂದಿದೆ ಎಂದರು. ಹಾಗಿದ್ದರೆ ಈಗಲೇ ಆಗಲಿ ಎಂದೆ.

ಮಾಸ್ತರರ ಬೆರಳು ರೂಢಿಯ ಮೇಲೆ ಕರಿ ನಾಲ್ಕಕ್ಕೇ ಹೋಗಿ ಕೂತಿತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ತಬಲಾದವನು ತಲೆ ತಗ್ಗಿಸಿ ಶ್ರುತಿಯ ಸುತ್ತಿಗೆಯಿಂದ ತಬಲಾದ ಅಂಚನ್ನು ಬಡಿಯುತ್ತಿದ್ದ.

"ಕರಿ ಮೂರು ಹಿಡೀರಿ," ಎಂದೆ. ಅವರ ಬೆರಳು ಒಂದು ಕರಿ ಮನೆ ಕೆಳಗಿಳಿಯುವುದನ್ನು ಬಗ್ಗಿ ನೋಡಿದೆ.

ಹಾಡು ಶುರುವಾಯಿತು. ಗಿಟಾರದವನು ಚಪ್ಪಲಿ ಬಿಟ್ಟು ಕಾಲನ್ನು ಪೆಡಲಿನ ಮೇಲಿಟ್ಟ. ಟವೆಲ್ಲು ಇರಲಿಲ್ಲ, ಎಲ್ಲ ಕಾಣುತ್ತಿತ್ತು. ನಾನು ಮೇಲಿನ ಸ್ವರಕ್ಕೆ ಏರಿದೆ. ಅವನ ಹೆಬ್ಬೆರಳು ಬಾಗಿತು, ಒತ್ತಲು ಹೊರಟು ತಡೆದು ನಿಂತಿತು. ದನಿ ಹೋಗಿ ಸ್ವರದ ಮೇಲೆ ಕೂತಿತ್ತು. ಅವನು ಕಾಲನ್ನು ಮೆಲ್ಲಗೆ ಎತ್ತಿಕೊಂಡು ಚಪ್ಪಲಿಯೊಳಗೆ ಇಟ್ಟ. ಮಾಸ್ತರರು ಕಣ್ಣು ಮುಚ್ಚಿದ್ದರಂತೆ. ಆಮೇಲೆ ತಬಲಾದವನು ಹೇಳಿದ, ನಾನು ನೋಡಲಿಲ್ಲ. ನನ್ನ ಕಣ್ಣು ಗಿಟಾರದವನ ಕಾಲಿನ ಮೇಲೆಯೇ ಇತ್ತು. ಎಲ್ಲಾದರೂ ಮತ್ತೆ ಒತ್ತಿಬಿಟ್ಟರೆ? ಹಾಡು ಮುಗಿಯುವವರೆಗೂ ಕಾದೆ. ಕಾಲು ಚಪ್ಪಲಿಯೊಳಗೇ ಇತ್ತು.